ವೀಲ್ ಕಪ್ ಒಳಗೆ ಮುರಿದ ಬೋಲ್ಟ್ ಮುಚ್ಚಿಟ್ಟು ಕಳಿಸ್ತಾರೆ, ಹುಷಾರು

ದಾವಣಗೆರೆಯಲ್ಲಿ ಟೈರ್ ಅಂಗಡಿಗೆ ಕಾರು ಬಿಡೋರು, ದುಡ್ಡು ಕೊಡೋ ಮುಂಚೆ ಅಲ್ಲೇ ನಿಂತು ವೀಲ್ ಕಪ್ ತೆಗೆಸಿ ನೋಡ್ರಿ. ಬೋಲ್ಟ್ ಎಣಿಸ್ರಿ. ಇಷ್ಟು ಮಾಡದೆ ಮೋಸ ಹೋಗಿದ್ದೀನಿ. ಪಾನ (ಸ್ಪ್ಯಾನರ್) ಹಿಡಿಯೋದು ಗೊತ್ತಿದ್ದೂ ಮೋಸ ಹೋದೆ ಅಂತ ಬರೆಯೋಕೆ ನಾಚಿಕೆ ಆಗ್ತಿದೆ, ಆದ್ರೂ ಬರೀತೀನಿ.

ಗಾಡಿ ಫೋಕ್ಸ್‌ವ್ಯಾಗನ್ ಪೋಲೋ. ಸ್ಟೀಲ್ ವೀಲು, ಮೇಲೆ ಪ್ಲಾಸ್ಟಿಕ್ ಕಪ್. ಟೈರ್ ಹಿಂದೆ ಮುಂದೆ ಬದಲಿಸೋದು, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್, ಇಷ್ಟೇ ಕೆಲಸ. ಹುಡುಗ ಏರ್ ಗನ್ (ಗಾಳಿ ಒತ್ತಡದಲ್ಲಿ ಬೋಲ್ಟ್ ತಿರುಗಿಸೋ ಮಷೀನು) ಹಿಡಿದು ಬಿಗಿ ಮಾಡ್ತಿದ್ದಾಗ ಟಕ್ ಅಂತ ಒಂದು ಸದ್ದು ಬಂತು. ಕೇಳಿದ್ದಕ್ಕೆ "ಸಾಕೆಟ್ ಜಾರ್ತು ಸರ್" ಅಂದ. ನಂಬಿದೆ.

ಹೈವೇನಲ್ಲಿ ಏನೂ ಕೇಳಲಿಲ್ಲ. ಆನಗೋಡು ಹತ್ರ ಸರ್ವಿಸ್ ರೋಡಿಗೆ ಇಳಿದು ಸ್ಪೀಡು ಪೂರ್ತಿ ಕಮ್ಮಿ ಆದಾಗ ಮುಂದಿನ ಎಡಗಡೆ ಚಕ್ರದಿಂದ ಕಟ, ಕಟ, ಕಟ. ಸ್ಪೀಡಲ್ಲಿ ಹೋಗುವಾಗ ಒಳಗಿರೋ ತುಂಡು ಕಪ್ಪಿನ ಅಂಚಿಗೆ ಒತ್ತಿಕೊಂಡೇ ತಿರುಗುತ್ತೆ, ನಿಧಾನ ಆದಾಗ ಉರುಳಿ ಬೀಳುತ್ತೆ, ಅದಕ್ಕೇ ಆ ಸದ್ದು. ಕಪ್ ಎಳೆದ ತಕ್ಷಣ ಬೋಲ್ಟಿನ ತಲೆ ಮಣ್ಣಿಗೆ ಬಿತ್ತು. 17ರ ಸಾಕೆಟ್ ಕೂರೋ ತಲೆ, ಅದರ ಕೆಳಗೆ ವೀಲಿಗೆ ಒತ್ತಿ ಕೂರೋ ಗುಂಡು ಸೀಟು, ಆಮೇಲೆ ಒಂದು ಚೂರು ಕಾಂಡ. ಉಳಿದಿದ್ದು ಹಬ್ (ವೀಲು ಕೂರೋ ಭಾಗ) ಒಳಗೆ. ಅಂದ್ರೆ ಮುರಿದದ್ದು ಅವನಿಗೆ ಗೊತ್ತಿತ್ತು. ತಲೆಯನ್ನ ಆ ತೂತಿನ ಮೇಲೇ ಇಟ್ಟು, ಮೇಲೆ ಕಪ್ ಬಡಿದು ಕಳಿಸಿದ್ದಾನೆ. ಎಷ್ಟು ಸಲ ನೆನೆಸಿಕೊಂಡ್ರೂ ಹೊಟ್ಟೆ ಉರಿಯುತ್ತೆ.

ವಾಪಸ್ ಹೋದೆ. ಯಜಮಾನ್ರ ಮೊದಲ ಮಾತು: "ಹಳೇ ಕ್ರ್ಯಾಕ್ ಇತ್ರೀ ಸರ, ನಮ್ಮ ಕೈಯಾಗ ಮುರೀತು ಅಷ್ಟೆ."

ಹಳೇ ಕ್ರ್ಯಾಕೋ ಹೊಸದೋ ಅಂತ ಮುರಿದ ಮುಖವೇ ಹೇಳುತ್ತೆ. ದಿನಾ ಸ್ವಲ್ಪ ಸ್ವಲ್ಪ ಬಿರಿದು ಮುರಿದ ಬೋಲ್ಟ್ ಆದ್ರೆ ಮುಖದ ಒಂದು ಭಾಗ ಕಪ್ಪಾಗಿ, ತುಕ್ಕು ಹಿಡಿದು, ನಯವಾಗಿರುತ್ತೆ, ಕೊನೇಲಿ ಮುರಿದ ಭಾಗ ಮಾತ್ರ ಬೆಳ್ಳಗೆ ಒರಟಾಗಿರುತ್ತೆ. ನನ್ನ ಕೈಯಲ್ಲಿದ್ದದ್ದು ಪೂರ್ತಿ ಒಂದೇ ಬೂದು ಬಣ್ಣ, ಒಂದು ಚುಕ್ಕೆ ತುಕ್ಕಿಲ್ಲ. ಮುರಿದ ಜಾಗದ ಪಕ್ಕದ ತ್ರೆಡ್ ಎಳೆದ ಹಾಗೆ ಸಣ್ಣಗಾಗಿತ್ತು. ಅದು ಗನ್ನಿನ ಹೊಡೆತ. ಪೋಲೋ ಬೋಲ್ಟಿಗೆ ಬೇಕಾದ ಟಾರ್ಕ್ (ತಿರುಗಿಸೋ ಬಲ) 120 ನ್ಯೂಟನ್ ಮೀಟರ್. 40 ಸೆಂಟಿಮೀಟರ್ ಉದ್ದದ ಪಾನದ ತುದೀಲಿ ಸುಮಾರು 30 ಕೆಜಿ ಭಾರ ಹಾಕಿದಷ್ಟು. ಏರ್ ಗನ್ ಇದರ ಮೂರ್ನಾಲ್ಕು ಪಟ್ಟು ಸಲೀಸಾಗಿ ಕೊಡುತ್ತೆ. ಗನ್ನಲ್ಲಿ ಬಿಚ್ಚಲಿ, ಬೇಡ ಅನ್ನಲ್ಲ. ಬಿಗಿ ಮಾಡೋದು ಕೈಯಲ್ಲೇ ಆಗ್ಬೇಕು.

ಇದನ್ನ ತೋರಿಸಿದ್ಮೇಲೆ ಮಾತು ಬದಲಾಯ್ತು. "ಇನ್ನೂ ನಾಲ್ಕು ಬೋಲ್ಟ್ ಐತಲ್ರೀ, ಏನಾಗಲ್ಲ ಓಡಿಸ್ರಿ." ಆ ನಾಲ್ಕನ್ನೂ ಬಿಗಿ ಮಾಡಿದ್ದು ಅದೇ ಗನ್, ಅದೇ ಕೈ! ಒಂದು ಮುರಿದ ಚಕ್ರದಲ್ಲಿ ಉಳಿದವೂ ಎಳೆದಿರ್ತಾವೆ ಅಂತಲೇ ಲೆಕ್ಕ. ಅದಾದ್ಮೇಲೆ ಮೂರನೇ ಮಾತು: "ಹಾಗಾದ್ರೆ ಹಬ್ಬೇ ಬದಲಾಯಿಸ್ಬೇಕು. ಬೇರಿಂಗ್ ಸೇರಿ ಒಂಬತ್ತು ಸಾವಿರ, ಮಾಲು ಬೆಂಗಳೂರಿಂದ ಬರ್ಬೇಕು."

ಇಲ್ಲೇ ಜನ ಹೆದರಿ ದುಡ್ಡು ಕೊಡೋದು. ಕೊಡಬೇಡಿ.

ಮಾರುತಿ, ಹ್ಯುಂಡೈ ಗಾಡಿಗಳಲ್ಲಿ ಹಬ್ಬಿಗೆ ಸ್ಟಡ್ (ತ್ರೆಡ್ ಇರೋ ಕಡ್ಡಿ) ಒತ್ತಿರ್ತಾರೆ, ಮೇಲೆ ನಟ್ ಬರುತ್ತೆ. ಸ್ಟಡ್ ಮುರಿದ್ರೆ ಹಿಂದಕ್ಕೆ ಹೊಡೆದು ತೆಗೆದು, ಹೊಸದನ್ನ ವಾಷರ್ ಇಟ್ಟು ನಟ್ಟಿನಲ್ಲಿ ಎಳೆದು ಕೂರಿಸಿದ್ರೆ ಮುಗೀತು. ಫೋಕ್ಸ್‌ವ್ಯಾಗನ್, ಸ್ಕೋಡಾದಲ್ಲಿ ಸ್ಟಡ್ ಇಲ್ಲ, ಬೋಲ್ಟೇ ಹಬ್ಬಿಗೆ ತಿರುಗುತ್ತೆ. ಇದನ್ನ ನೋಡಿ ಅಭ್ಯಾಸ ಇಲ್ಲದೋರು ಹಬ್ ಹೋಯ್ತು ಅಂತಾರೆ. ಹಬ್ಬಿಗೆ ಏನೂ ಆಗಿರಲ್ಲ.

ಇನ್ನೊಂದು ಮುಖ್ಯ ವಿಷಯ. ಬಿಗಿ ಮಾಡುವಾಗ ಮುರಿದ ಬೋಲ್ಟು ಒಳಗೆ ಸಡಿಲವಾಗೇ ಇರುತ್ತೆ. ಬಿಗಿ ಇರೋದು ತಲೆ ವೀಲನ್ನ ಒತ್ತುವವರೆಗೆ ಮಾತ್ರ. ತಲೆ ಹೋದ್ಮೇಲೆ ಒಳಗಿನ ತುಂಡಿಗೆ ಎಳೆತವೇ ಇಲ್ಲ. ವೀಲು ತೆಗೆದು, ಕ್ಯಾಲಿಪರ್ (ಬ್ರೇಕ್ ಡಿಸ್ಕನ್ನ ಹಿಡಿಯೋ ಭಾಗ) ಬಿಚ್ಚಿ ತಂತಿಯಲ್ಲಿ ನೇತುಹಾಕಿ (ಬ್ರೇಕ್ ಪೈಪಿನ ಮೇಲೆ ಜೋತುಬೀಳಿಸಬಾರದು), ಡಿಸ್ಕಿನ ಒಂದು ಸಣ್ಣ ಸ್ಕ್ರೂ ತೆಗೆದು ಡಿಸ್ಕ್ ಎಳೆದ್ರೆ ತುಂಡು ಹಬ್ಬಿನ ಮಟ್ಟಕ್ಕೆ ಎದುರಿಗೇ ಕಾಣುತ್ತೆ. ಅಂಚಿಗೆ ಚೂಪು ಉಳಿ ಕೊಟ್ಟು ಎಡಕ್ಕೆ ಮೆಲ್ಲಗೆ ತಟ್ಟಿದ್ರೆ ಎಷ್ಟೋ ಸಲ ಹಾಗೇ ತಿರುಗಿ ಬರುತ್ತೆ. ಆ ತೂತು ಆರ್‌ಪಾರ್. ಹೊರಗೆ ಬರದಿದ್ರೆ ಬಲಕ್ಕೆ ತಿರುಗಿಸಿ ಹಿಂಬದಿಗೆ ದಾಟಿಸಿದ್ರೂ ನಡೆಯುತ್ತೆ.

ಬಿಚ್ಚುವಾಗ ಮುರಿದದ್ದಾದ್ರೆ ಬೇರೆ ಕಥೆ. ಅಲ್ಲಿ ತುಕ್ಕು ಹಿಡಿದು ತ್ರೆಡ್ಡೇ ಕಚ್ಚಿರುತ್ತೆ. ರಾತ್ರಿಯಿಡೀ ತುಕ್ಕು ಬಿಡಿಸೋ ಎಣ್ಣೆ, ಶಾಖ, ಎಲ್ಲ ಬೇಕು.

ಆ ಟೈರ್ ಅಂಗಡಿಯೋರು ತುಂಡು ತೆಗೆಯೋಕೆ ಮಾಡಿದ್ದು ನೋಡ್ರಿ. ಡಿಸ್ಕ್ ಕೂಡ ತೆಗೀಲಿಲ್ಲ. ನಡುವಿಗೆ ಪಂಚ್ ಗುರುತು ಹೊಡೀಲಿಲ್ಲ. ಡಿಸ್ಕಿನ ತೂತಿನೊಳಗೇ ಮೊಂಡು ಬಿಟ್ ಹಾಕಿ ಫುಲ್ ಸ್ಪೀಡಲ್ಲಿ ಡ್ರಿಲ್. ಬೋಲ್ಟು 10.9 ದರ್ಜೆಯದು, ಗಟ್ಟಿ ಉಕ್ಕು. ಅದಕ್ಕೆ ಕೋಬಾಲ್ಟ್ ಬಿಟ್ ಬೇಕು, ನಿಧಾನ ಸ್ಪೀಡು, ಎಣ್ಣೆ, ಮೊದಲು 4 ಎಂಎಂ ಆಮೇಲೆ 7. ಸರಿಯಾಗಿ ನಡುವಿಗೆ ಬೀಳ್ಬೇಕು. ಇವ್ರದ್ದು 2 ಎಂಎಂ ಪಕ್ಕಕ್ಕೆ ಹೋಯ್ತು. ಬೇಡ ಬೇಡ ಅಂದ್ರೂ ಅದಕ್ಕೆ ಈಜಿ ಔಟ್ (ಮುರಿದ ಬೋಲ್ಟ್ ತಿರುಗಿಸಿ ತೆಗೆಯೋ ಸಾಧನ) ತುರುಕಿದ್ರು. ಈಜಿ ಔಟ್ ಬೆಣೆ ಇದ್ದ ಹಾಗೆ, ಟೊಳ್ಳಾದ ತುಂಡನ್ನ ಒಳಗಿಂದ ಅಗಲಿಸಿ ಇನ್ನೂ ಬಿಗಿ ಮಾಡುತ್ತೆ. ಸಡಿಲ ಇದ್ದದ್ದನ್ನ ಇವ್ರೇ ಬಿಗಿ ಮಾಡಿದ್ರು. ತಿರುಗಿಸಿದ್ರು, ಪಟ್. ಈಜಿ ಔಟ್ ಒಳಗೇ ಮುರೀತು. ಅದು ಬೋಲ್ಟಿಗಿಂತ ಗಟ್ಟಿ, ಅದರ ಮೇಲೆ ಸಾಮಾನ್ಯ ಡ್ರಿಲ್ ಓಡಲ್ಲ.

"ನೋಡ್ರಿ, ನಾ ಮೊದ್ಲೇ ಹೇಳಿದ್ನಲ್ಲ, ಹಬ್ಬೇ ಬೇಕು!" ನಗ್ತಾ ಹೇಳಿದ್ರು. ನಗ್ತಾ.

ಪಕ್ಕದ ಹರಿಹರದಲ್ಲಿ ಲೇತ್ ಮಷೀನೇ ತಯಾರು ಮಾಡ್ತಿದ್ದ ಸೀಮೆ ಇದು, ಇಲ್ಲಿ ಒಂದು ಬೋಲ್ಟ್ ತುಂಡು ತೆಗೆಯೋಕೆ ಆಗಲ್ವಂತೆ. ನಾಲ್ಕು ಬೋಲ್ಟಲ್ಲೇ ನಿಧಾನಕ್ಕೆ ಓಡಿಸಿಕೊಂಡು ಹತ್ತಿರದ ಲೇತ್ ಅಂಗಡಿಗೆ ಹೋದೆ. ಅವ್ರು ಡಿಸ್ಕ್ ತೆಗೆದು, ತುಂಡಿನ ಮೇಲೆ 12ರ ನಟ್ ಇಟ್ಟು, ನಟ್ಟಿನ ತೂತಿನೊಳಗೆ ಸಿಓ2 ವೆಲ್ಡಿಂಗ್ ತುಂಬಿದ್ರು. ಕೆಂಪು ಆರಿ ಕಪ್ಪಾಗೋವರೆಗೆ ಕಾದು, ನೀರು ಹಾಕದೆ, ಪಾನ ಹಾಕಿ ಹಿಂದೆ ಮುಂದೆ ಅಲ್ಲಾಡಿಸಿದ್ರು. ಎರಡನೇ ಸಲಕ್ಕೆ ಈಜಿ ಔಟ್ ಸಮೇತ ಹೊರಗೆ ಬಂತು. ಮುಕ್ಕಾಲು ಗಂಟೆ, ಆರು ನೂರು ರೂಪಾಯಿ.

ವೆಲ್ಡಿಂಗ್ ಮಾಡಿಸೋರು ಒಂದು ನೋಡ್ಕೊಳ್ರಿ: ಅರ್ಥ್ ಕ್ಲ್ಯಾಂಪ್ ಹಬ್ಬಿಗೇ ಹಾಕಿಸ್ರಿ. ಬಾಡಿಗೋ ಸಸ್ಪೆನ್ಷನ್ನಿಗೋ ಹಾಕಿದ್ರೆ ಕರೆಂಟ್ ಬೇರಿಂಗಿನ ಗುಂಡುಗಳ ಮೂಲಕ ಹೋಗಿ ಕಲೆ ಬೀಳುತ್ತೆ, ಆಮೇಲೆ ನಿಜವಾಗ್ಲೂ ಹಬ್ ಬೇರಿಂಗ್ ಹೋಗುತ್ತೆ. ಬ್ಯಾಟರಿ ಬಿಚ್ಚಿರಬೇಕು, ಎಬಿಎಸ್ ಸೆನ್ಸರ್ ಇದ್ರೆ ಕಳಚಿಡಬೇಕು.

ತುಂಡು ಬಂದ್ಮೇಲೆ ತ್ರೆಡ್ಡಿಗೆ ಟ್ಯಾಪ್ (ತ್ರೆಡ್ ಕೊರೆಯೋ ಸಾಧನ) ಓಡಿಸ್ಬೇಕು. ಎಂ14 (14 ಎಂಎಂ ದಪ್ಪ), ಪಿಚ್ (ಎರಡು ತ್ರೆಡ್ ನಡುವಿನ ಅಂತರ) 1.5. ಅಂಗಡೀಲಿ ಸುಮ್ಮನೆ 14ರ ಟ್ಯಾಪ್ ಅಂದ್ರೆ ಪಿಚ್ 2 ಕೊಡ್ತಾರೆ. ಸ್ಪಾರ್ಕ್ ಪ್ಲಗ್ಗಿನ ಟ್ಯಾಪೂ 14ರದ್ದೇ, ಆದ್ರೆ ಪಿಚ್ 1.25. ಎರಡ್ರಲ್ಲಿ ಯಾವುದು ಹಾಕಿದ್ರೂ ಹಬ್ ಕೆಡುತ್ತೆ. ಹಿಂದಿನಿಂದ ಓಡಿಸೋಕೆ ಜಾಗ ಇದ್ರೆ ಒಳ್ಳೇದು, ಅಲ್ಲಿಯ ತ್ರೆಡ್ ನೆಟ್ಟಗಿರುತ್ತೆ. ಹೊಸ ಬೋಲ್ಟು ಕೈಬೆರಳಲ್ಲೇ ಕೊನೆವರೆಗೆ ಹೋಗ್ಬೇಕು, ಎಲ್ಲಾದ್ರೂ ಕಚ್ಚಿದ್ರೆ ಪಾನ ಮುಟ್ಟಬೇಡಿ. ಆ ಚಕ್ರದ ಐದೂ ಹೊಸದು ಹಾಕ್ರಿ, ಗುಂಡು ಸೀಟಿನದೇ, ಅದೇ ಉದ್ದದ್ದೇ. ತ್ರೆಡ್ಡಿಗೆ ಗ್ರೀಸ್ ಬೇಡ, ಗ್ರೀಸ್ ಇದ್ರೆ ಅದೇ ಟಾರ್ಕಿಗೆ ಬೋಲ್ಟ್ ಜಾಸ್ತಿ ಎಳೆಯುತ್ತೆ. ಒಂದು ಬಿಟ್ಟು ಒಂದರಂತೆ ಬಿಗಿ ಮಾಡಿ, 50 ಕಿಲೋಮೀಟರ್ ಆದ್ಮೇಲೆ ಇನ್ನೊಮ್ಮೆ ಟಾರ್ಕ್ ಪಾನ ಹಾಕ್ರಿ.

ಆ ಟೈರ್ ಅಂಗಡಿಗೆ ವೆಲ್ಡ್ ಆದ ತುಂಡು ತಗೊಂಡು ಹೋಗಿ ತೋರಿಸಿದೆ. ಹಬ್ ಹೋಗಿಲ್ಲ ನೋಡ್ರಿ, ಆರು ನೂರು ವಾಪಸ್ ಕೊಡ್ರಿ ಅಂದೆ. ತುಂಡನ್ನ ತಿರುಗಿಸಿ ತಿರುಗಿಸಿ ನೋಡಿದ್ರು. ಒಳಗೆ ಸಿಕ್ಕಿಕೊಂಡಿದ್ದ ಈಜಿ ಔಟ್ ಮೇಲೆ ಉಗುರಿಟ್ಟು, "ಇದು ನಮ್ದಲ್ರೀ ಸರ? ಇದರ ದುಡ್ಡು ಯಾರು ಕೊಡ್ತಾರೆ?" ಅಂದ್ರು.