ಸಿಟ್ಟಿಗೆ ಉಸಿರೋ, ಮೈತ್ರಿಯೋ?

ಎರಡೂ ಬುದ್ಧನ ದಾರಿಗಳೇ, ಖರ್ಚೂ ಇಲ್ಲ. ಮಂಗಳೂರಿನ ಹಂಪನಕಟ್ಟೆ ಸಿಗ್ನಲ್‌ನಲ್ಲಿ ಹಿಂದಿನ ಬಸ್ಸು ಒಂದೇ ಸಮನೆ ಹಾರ್ನ್ ಹೊಡೆದು ತಲೆ ಬಿಸಿಯಾದಾಗ ಆನಾಪಾನಸತಿ ಸುಲಭ: ಉಸಿರು ಒಳಗೆ ಹೋಗುವುದನ್ನು, ಹೊರಗೆ ಬರುವುದನ್ನು ಸುಮ್ನೆ ಗಮನಿಸುವುದು. ಕಣ್ಣು ಮುಚ್ಚಬೇಕಿಲ್ಲ.

ಆದರೆ ಜಾಗದ ವಿಷಯಕ್ಕೆ ಅಣ್ಣನ ಮೇಲೆ ವರ್ಷಗಟ್ಟಲೆ ಕೂತ ಸಿಟ್ಟು ಇದೆಯಲ್ವಾ, ಅದಕ್ಕೆ ಇಷ್ಟೇ ಸಾಲದು ಅಂತ ನನಗನಿಸುತ್ತದೆ. ಅಲ್ಲಿ ಮೈತ್ರಿ ಭಾವನೆ ಬೇಕು, ಅಂದರೆ ಒಬ್ಬೊಬ್ಬರಿಗೂ ಒಳ್ಳೆಯದಾಗಲಿ ಅಂತ ಮನಸ್ಸಲ್ಲೇ ಹಾರೈಸುವುದು. ನಿಧಾನದ ಕೆಲಸ. 5ನೇ ಶತಮಾನದ ಬೌದ್ಧ ವಿದ್ವಾಂಸ ಬುದ್ಧಘೋಷ ಹೇಳಿದ ಕ್ರಮ ಹೀಗಿದೆ: ಮೊದಲು ‘ನನಗೆ ಸುಖವಾಗಲಿ’, ಆಮೇಲೆ ಗೌರವದ ವ್ಯಕ್ತಿ, ಆಪ್ತರು, ಬರೀ ಮುಖಪರಿಚಯದವರು, ಕೊನೆಗೆ ಅಣ್ಣ. ನೇರ ಅಣ್ಣನಿಂದಲೇ ಶುರು ಮಾಡಿದರೆ ಸಿಟ್ಟು ಜಾಸ್ತಿಯೇ ಆದೀತು. ನಡುವೆ ಮನಸ್ಸು ಕುದಿದರೆ ಹಿಂದಿನವರಿಗೆ ಮರಳಿ.

ಕೂರಲು ಪುರುಸೊತ್ತೇ ಇಲ್ಲದಿದ್ದರೆ ಸದ್ಯಕ್ಕೆ ಉಸಿರು ಸಾಕು.