ಮಗನ ಆಟದ ಗೀಳಿಗೆ ನೆರವಾದ ಟೆಲಿ ಮಾನಸ್ ಸಹಾಯವಾಣಿ

ತೀರ್ಥಹಳ್ಳಿ ಸಮೀಪದ ನಮ್ಮ ಮನೆಯಲ್ಲಿ, ನೆಟ್‌ವರ್ಕ್ ಹುಡುಕಿಕೊಂಡು ಕತ್ತಲಲ್ಲೇ ಅಡಿಕೆ ತೋಟದ ದಿಬ್ಬ ಹತ್ತಿ ಆನ್‌ಲೈನ್ ಆಟದಲ್ಲಿ ಮುಳುಗುತ್ತಿದ್ದ ಹತ್ತನೇ ತರಗತಿಯ ಮಗನನ್ನು ಕಂಡು ಕಂಗಾಲಾಗಿ, ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದೆ. ಕನ್ನಡದಲ್ಲೇ ಮಾತನಾಡಿದ ಆಪ್ತಸಮಾಲೋಚಕರು ಅವಸರಿಸದೆ ಅವನ ನಿದ್ದೆ, ಊಟ, ಓದು, ಫೋನ್ ಕಸಿದಾಗ ಬರುವ ಸಿಟ್ಟು ಎಲ್ಲವನ್ನೂ ವಿಚಾರಿಸಿದರು. ಆಟದ ಮೇಲೆ ಹಿಡಿತ ತಪ್ಪುವುದನ್ನು ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಜಾರಿಗೆ ಬಂದ ತನ್ನ ರೋಗಗಳ ವರ್ಗೀಕರಣದಲ್ಲಿ ಸೇರಿಸಿದೆಯೆಂದು ತಿಳಿದಾಗ, ಮಗನನ್ನು ಸೋಮಾರಿಯೆಂದು ಜರೆದದ್ದಕ್ಕೆ ನನಗೆ ನಿಜಕ್ಕೂ ಸಂಕಟವಾಯಿತು. ರಾತ್ರಿ ಒಂಬತ್ತರ ನಂತರ ಮನೆಯವರೆಲ್ಲರ ಫೋನುಗಳನ್ನೂ, ನನ್ನದನ್ನೂ ಸೇರಿಸಿ, ಅಡುಗೆಮನೆಯ ಕಪಾಟಿನಲ್ಲಿಡಲು ಹೇಳಿದರು. ಫೋನಿನ ಮಾತಷ್ಟೇ ಇಂತಹ ಗೀಳಿಗೆ ಸಾಲದು. ಶಿವಮೊಗ್ಗದಲ್ಲಿ ಮನೋವೈದ್ಯರನ್ನು ಕಾಣುವಂತೆಯೂ ಅವರೇ ಸೂಚಿಸಿದರು. ಈಗ ಮಗ ಭಾನುವಾರ ಅಡಿಕೆ ಗೊನೆ ಕೊಯ್ಲಿಗೆ ನನ್ನ ಜೊತೆ ತೋಟಕ್ಕೆ ಬರುತ್ತಾನೆ.