ಪಾದದ ಗಂಟಿಗೆ ಲೇಸಿನ ಬೆಲ್ಟ್: ಹನ್ನೊಂದು ತಿಂಗಳು, ಒಂದು ಮಳೆಗಾಲ, ಒಂದು ಕೊಯ್ಲು ಕಳೆದ ಮೇಲೆ

ಡಬ್ಬ ಬಿಚ್ಚಿದ ದಿನವೇ ಐದು ಸ್ಟಾರ್ ಕೊಟ್ಟು ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಇದನ್ನು ಕಟ್ಟಲು ಶುರು ಮಾಡಿದ್ದು ಹೋದ ವರ್ಷದ ಆರಿದ್ರಾ ಮಳೆಯಲ್ಲಿ. ಈಗ ಮೇ ತಿಂಗಳ ಕೊನೆ. ಹಾಗಾಗಿ ಇದರ ಒಳ್ಳೆಯದು ಕೆಟ್ಟದ್ದು ಎರಡೂ ನನ್ನ ಕಾಲಿಗೆ ಗೊತ್ತು.

ನಮ್ಮದು ಆಲ್ದೂರಿನ ಹತ್ತಿರ ಸಣ್ಣ ಕಾಫಿ ತೋಟ. ಕೊಟ್ಟಿಗೆಯಿಂದ ಮನೆಗೆ ಬರುವ ದಾರಿಯಲ್ಲಿ ನಾಲ್ಕು ಕಲ್ಲಿನ ಮೆಟ್ಟಿಲು. ಮಳೆ ಹಿಡಿದು ಎರಡು ವಾರ ಆಗಿತ್ತು, ಮೂರನೇ ಕಲ್ಲು ಪೂರ್ತಿ ಹಾವಸೆ ಕಟ್ಟಿತ್ತು. ಕೈಯಲ್ಲಿ ಕಲಗಚ್ಚಿನ ಬಕೆಟ್, ಕಾಲಲ್ಲಿ ಸವೆದ ಹವಾಯಿ ಚಪ್ಪಲಿ. ಬಲಗಾಲು ಜಾರಿ ಪಾದ ಒಳಗಡೆ ಮಡಚಿಕೊಂಡಿತು. ಒಣ ಪುರಲೆ ಮುರಿದ ಹಾಗೆ ಟಕ್ ಅಂತ ಸದ್ದು. ಬಕೆಟ್ ಎತ್ತ ಹೋಯಿತೋ ಗೊತ್ತಿಲ್ಲ. ನಾನು ಮಳೆಯಲ್ಲೇ ಕೂತು ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಎರಡು ಹೆರಿಗೆ ಆದವಳು ನಾನು, ಆದರೂ ಆ ಹತ್ತು ನಿಮಿಷ ಮರೆಯಲಾರೆ.

ಚಿಕ್ಕಮಗಳೂರಿನ ಮೂಳೆ ಡಾಕ್ಟರು ಮೊದಲು ಕೇಳಿದ್ದು, "ನಾಲ್ಕು ಹೆಜ್ಜೆ ನಡೀತೀರಾ?" ಒಂದು ಹೆಜ್ಜೆಗೇ ಕಣ್ಣು ಕತ್ತಲೆ ಬಂತು. ಸುಮ್ನೆ ಕೇಳಿದರು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದು ಕೆನಡಾದ ಒಟ್ಟಾವಾದ ಡಾಕ್ಟರುಗಳು 1992ರಲ್ಲಿ ಹೊರತಂದ ನಿಯಮ. ಏಟಾದ ತಕ್ಷಣವೂ, ಡಾಕ್ಟರ ಮುಂದೆಯೂ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ, ಅಥವಾ ಗಂಟಿನ ಎರಡು ಬದಿಗಳಲ್ಲಿ ಯಾವುದಾದರೂ ಒಂದು ಬದಿಯ ಎಲುಬನ್ನು ಹಿಂದಿನ ಅಂಚಿನಲ್ಲಿ ಅಥವಾ ತುದಿಯಲ್ಲಿ ಒತ್ತಿದಾಗ ನೋವಿದ್ದರೆ ಎಕ್ಸ್‌ರೇ ತೆಗೆಸಬೇಕು. ನನಗೆ ತೆಗೆದರು. ಎಲುಬು ಮುರಿದಿರಲಿಲ್ಲ. ಹೊರಗಡೆಯ ಲಿಗಮೆಂಟ್ ಅರ್ಧಂಬರ್ಧ ಹರಿದಿದೆ, ಎರಡನೇ ದರ್ಜೆಯ ಉಳುಕು ಅಂದರು. ಪಾದದ ಹೊರಬದಿಯಲ್ಲಿ ಅಂಥ ಮೂರು ನಾರುಗಳಿವೆ, ಪಾದ ಒಳಕ್ಕೆ ಮಡಚಿದಾಗ ಮುಂದಿನದ್ದೇ ಸಾಮಾನ್ಯವಾಗಿ ಮೊದಲು ಹರಿಯುವುದು. "ಮುರಿದಿದ್ದರೆ ಪ್ಲಾಸ್ಟರ್ ಹಾಕಿ ಕಳಿಸ್ತಿದ್ದೆ ಅಮ್ಮ, ಇದಕ್ಕೆ ನೀವೇ ದುಡೀಬೇಕು" ಅಂದರು. ಆಗ ಅರ್ಥವಾಗಿರಲಿಲ್ಲ.

ಮೊದಲ ವಾರ ಕ್ರೇಪ್ ಬ್ಯಾಂಡೇಜು, ಕಾಲು ದಿಂಬಿನ ಮೇಲೆ, ಬಟ್ಟೆ ಸುತ್ತಿದ ಐಸು ಹದಿನೈದು ನಿಮಿಷ. ಐಸಿಗೆ ಪ್ಯಾಕ್ ಎಲ್ಲಿಂದ ತರೋಣ? ಫ್ರೀಜರಿನಲ್ಲಿ ಹಿತುಕಿದ ಅವರೆಕಾಳಿನ ಪ್ಯಾಕೆಟ್ ಇತ್ತು. ಗಂಟಿನ ಆಕಾರಕ್ಕೆ ಅದು ಕೂರುವ ಹಾಗೆ ಬೇರೆ ಯಾವುದೂ ಕೂರುವುದಿಲ್ಲ. ನಮ್ಮತ್ತೆ ಮಾತ್ರ "ಕಾಲಿಗಿಟ್ಟ ಕಾಳನ್ನ ಸಾರಿಗೆ ಹಾಕಿದ್ರೆ ನಾನು ಊಟಕ್ಕೇ ಬರಲ್ಲ ಕಣೇ" ಅಂದರು. ಅವರ ವಾಕರ್ ಬೇರೆ ನನ್ನ ಹತ್ತಿರ ಇತ್ತು, ಸಿಟ್ಟು ಅದಕ್ಕೂ ಸೇರಿರಬೇಕು. ಉಳುಕು ತೆಗೆಯುವವರೊಬ್ಬರನ್ನು ಕರೆಸೋಣ ಅಂತ ಪಕ್ಕದ ಮನೆಯಿಂದ ಮೂರು ಸಲ ಹೇಳಿ ಕಳಿಸಿದರು. ಹರಿದ ನಾರನ್ನು ಯಾರಾದರೂ ಹಿಡಿದು ಎಳೆಯುವುದನ್ನು ನೆನೆಸಿಕೊಂಡೇ ಬೆವರಿದೆ. ಬೇಡ ಅಂದೆ. ಅತ್ತೆಯ ಅರಿಶಿನದ ಪಟ್ಟು ಬೇಡ ಅನ್ನಲಿಲ್ಲ. ಅದರ ಹಳದಿ ಕಲೆ ಈ ಬೆಲ್ಟಿನ ಒಳಮೈಯಲ್ಲಿ ಇವತ್ತಿಗೂ ಇದೆ.

ಹತ್ತನೇ ದಿನಕ್ಕೆ ಬೆಲ್ಟ್ ತಂದೆವು. ಮೆಡಿಕಲ್ ಅಂಗಡಿಯಲ್ಲಿ ಇದಕ್ಕೆ ಆ್ಯಂಕಲ್ ಬ್ರೇಸ್ ಅಂದರೆ ಒಂದು ಕ್ಷಣ ಯೋಚಿಸುತ್ತಾರೆ, ಕಾಲಿನ ಬೆಲ್ಟ್ ಅಂದರೆ ತಕ್ಷಣ ಕೊಡುತ್ತಾರೆ. ಕೊಡುವುದು ಸಾಮಾನ್ಯವಾಗಿ ಕಾಲುಚೀಲದ ಥರ ಏರಿಸಿಕೊಳ್ಳುವ ಎಲಾಸ್ಟಿಕ್. ಇನ್ನೂರೈವತ್ತು ರೂಪಾಯಿ. ಅದೂ ಒಂದಿದೆ ನನ್ನ ಹತ್ತಿರ. ಬೆಚ್ಚಗಿರುತ್ತದೆ, ಊತ ಒತ್ತುತ್ತದೆ, ಆದರೆ ಪಾದ ಮಡಚುವುದನ್ನು ತಡೆಯುವುದಿಲ್ಲ. ನಾನು ಹೇಳುತ್ತಿರುವುದು ಸಾವಿರದ ನಾನೂರು ರೂಪಾಯಿಯ ಲೇಸಿನದು. ಮುಂದುಗಡೆ ಬೂಟಿನ ಹಾಗೆ ಲೇಸು, ಎರಡೂ ಪಕ್ಕ ತೆಳ್ಳಗಿನ ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ಎಂಟರ ಆಕಾರದಲ್ಲಿ ಹಿಮ್ಮಡಿ ಸುತ್ತಿಸಿ ವೆಲ್ಕ್ರೋಗೆ ಅಂಟಿಸುವ ಎರಡು ಪಟ್ಟೆ. ಕಂಪನಿಯ ಹೆಸರು ಬರೆಯುವುದಿಲ್ಲ, ಇದೇ ನಮೂನೆಯದು ಹಲವು ಕಂಪನಿಯವರು ಮಾಡುತ್ತಾರೆ.

ಮೊದಲ ತಪ್ಪು ಅಂಗಡಿಯಲ್ಲೇ ಆಯಿತು. ಊದಿದ ಕಾಲಿಗೆ ಟೇಪು ಸುತ್ತಿ ಎಲ್ ಸೈಜು ಕೊಟ್ಟರು. ಆ ದಿನಕ್ಕೆ ಸರಿಯಾಗೇ ಇತ್ತು. ನಾಲ್ಕು ವಾರ ಕಳೆದು ಊತ ಇಳಿದಾಗ ಎಷ್ಟು ಬಿಗಿದರೂ ಲೇಸಿನ ಎರಡು ಅಂಚು ಒಂದಕ್ಕೊಂದು ತಾಗಿಬಿಡುತ್ತಿದ್ದವು. ಅಂದರೆ ಇನ್ನು ಬಿಗಿಯಲು ಜಾಗವೇ ಇಲ್ಲ. ಬದಲಾಯಿಸಿ ಕೊಡಿ ಅಂದರೆ ಬಳಸಿದ್ದು ವಾಪಸ್ ಇಲ್ಲ ಅಂದರು. ಎಂ ಸೈಜು ಮತ್ತೆ ದುಡ್ಡು ಕೊಟ್ಟು ತಂದೆ. ನೀವು ಕೊಳ್ಳುವುದಾದರೆ ಚೆನ್ನಾಗಿರುವ ಕಾಲಿನ ಅಳತೆ ತೆಗೆಸಿ. ಕಟ್ಟಿದಾಗ ಲೇಸಿನ ನಡುವೆ ಎರಡು ಬೆರಳಿನಷ್ಟು ಸಂದು ಉಳಿಯಬೇಕು.

ಕಟ್ಟಿದ ಮೇಲೆ ಹೇಗಿತ್ತು? ಮೊದಲ ದಿನ ಬೈದುಕೊಂಡೆ, ಎರಡನೇ ವಾರ ಕೈ ಮುಗಿದೆ. ಪಾದ ಮೇಲೆ ಕೆಳಗೆ ಆಡುತ್ತದೆ, ಪಕ್ಕಕ್ಕೆ ಹೊರಳಲು ಬಿಡುವುದಿಲ್ಲ. ಬೇಕಾದದ್ದು ಅಷ್ಟೇ. ವಾಕರ್ ಅತ್ತೆಗೆ ವಾಪಸಾಯಿತು. ಪುನರ್ವಸು ಮಳೆ ಮುಗಿಯುವ ಹೊತ್ತಿಗೆ ಅಡುಗೆಮನೆ ನನ್ನ ಕೈಗೆ ಬಂತು.

ಆದರೆ ಇದನ್ನು ಮಾಡಿದವರು ಮನೆಯೊಳಗೂ ಶೂ ಹಾಕುವ ಜನರನ್ನು ಮನಸ್ಸಲ್ಲಿಟ್ಟುಕೊಂಡಿದ್ದಾರೆ. ನಮ್ಮ ಮನೆಯದು ರೆಡ್ ಆಕ್ಸೈಡ್ ನೆಲ, ಐವತ್ತು ವರ್ಷ ಒರೆಸಿ ಒರೆಸಿ ಕನ್ನಡಿಯಾಗಿದೆ. ಬೆಲ್ಟಿನ ತಳ ನುಣುಪು ಬಟ್ಟೆ. ಬರಿಗಾಲಿನ ಮೇಲೆ ಇದೊಂದನ್ನೇ ಕಟ್ಟಿಕೊಂಡು ಆ ನೆಲದ ಮೇಲೆ ನಡೆದರೆ ಎರಡನೇ ಸಲ ಬೀಳುವುದು ಗ್ಯಾರಂಟಿ. ಮೂರನೇ ದಿನ ದೇವರ ಕೋಣೆ ಹೊಸ್ತಿಲಲ್ಲಿ ಜಾರಿ ಬಾಗಿಲ ಚೌಕಟ್ಟು ಹಿಡಿದು ಬದುಕಿದೆ. ಮಗಳ ಹಳೇ ಸ್ಕೂಲ್ ಕ್ಯಾನ್ವಾಸ್ ಶೂ ಹುಡುಕಿ, ತೊಳೆದು, ಮನೆಯೊಳಗೇ ಹಾಕಲು ಶುರು ಮಾಡಿದೆ. ಅತ್ತೆ ಎರಡು ದಿನ ಮಾತಾಡಲಿಲ್ಲ. ದೇವರ ಕೋಣೆಗೆ ಮಾತ್ರ ಇವತ್ತಿಗೂ ಬೆಲ್ಟು ಬಿಚ್ಚಿ, ಗೋಡೆ ಹಿಡಿದು ಹೋಗುತ್ತೇನೆ.

ತೋಟದ್ದು ಬೇರೆಯೇ ಕತೆ. ಮಳೆಗಾಲದಲ್ಲಿ ಗಂಬೂಟಿಲ್ಲದೆ ಇಳಿಯುವ ಹಾಗಿಲ್ಲ, ಇಂಬಳ, ಅಂದರೆ ಜಿಗಣೆ. ಬೆಲ್ಟು ಕಟ್ಟಿದ ಕಾಲು ನನ್ನ ಆರನೇ ನಂಬರ್ ಗಂಬೂಟಿನೊಳಗೆ ಹೋಗಲೇ ಇಲ್ಲ. ನಮ್ಮನೆಯವರ ಎಂಟನೇ ನಂಬರಿನ ಬಲಗಾಲಿನದು, ನನ್ನ ಆರನೇ ನಂಬರಿನ ಎಡಗಾಲಿನದು, ಹೀಗೆ ಆಗಸ್ಟ್ ತಿಂಗಳಿಡೀ ತಿರುಗಿದೆ. ಆಳುಗಳು ನನ್ನನ್ನು ದೂರದಿಂದಲೇ ಸದ್ದಿನಲ್ಲಿ ಗುರುತು ಹಿಡಿಯುತ್ತಿದ್ದರು, ಪಚಕ್, ಧಬ್, ಪಚಕ್, ಧಬ್. ಮಳೆ ಬಿಟ್ಟ ಮೇಲೆ ವೆಲ್ಕ್ರೋ ತುಂಬ ಉತ್ತರಾಣಿ ಬೀಜ. ರಾತ್ರಿ ಟಿವಿ ಮುಂದೆ ಕೂತು ಪಿನ್ನಿನಿಂದ ಒಂದೊಂದೇ ಕೀಳುವುದು ಒಂದು ಕೆಲಸವಾಯಿತು.

ಇನ್ನು ಒಣಗಿಸುವುದು. ಪೆಟ್ಟಿಗೆಯ ಮೇಲೆ ಕೈಯಲ್ಲಿ ತೊಳೆದು ನೆರಳಲ್ಲಿ ಒಣಗಿಸಿ ಅಂತ ಬರೆದಿದ್ದಾರೆ. ಜುಲೈ ತಿಂಗಳ ಆಲ್ದೂರಿನಲ್ಲಿ ಅವರೇ ಬಂದು ಒಣಗಿಸಿ ತೋರಿಸಲಿ. ಮೂರು ದಿನಕ್ಕೂ ಒಣಗದು, ನಾಲ್ಕನೇ ದಿನ ವಾಸನೆ. ತಡೆಯಲಾರದೆ ಬಚ್ಚಲು ಒಲೆಯ ಹಂಡೆ ಪಕ್ಕ ನೇತು ಹಾಕಿದೆ. ಬೆಳಿಗ್ಗೆ ನೋಡಿದರೆ ಒಂದು ಪಕ್ಕದ ಪ್ಲಾಸ್ಟಿಕ್ ಪಟ್ಟಿ ಬಿಸಿಗೆ ಸೊಟ್ಟಗಾಗಿ ಬಿಲ್ಲಿನ ಹಾಗೆ ಬಾಗಿತ್ತು. ಪುಣ್ಯಕ್ಕೆ ಅದು ಉಪಯೋಗಕ್ಕೆ ಬಾರದ ಎಲ್ ಸೈಜಿನದು. ಅದರ ನೆಟ್ಟಗಿದ್ದ ಇನ್ನೊಂದು ಪಟ್ಟಿ ತೆಗೆದು ಇಟ್ಟುಕೊಂಡೆ, ಜನವರಿಯಲ್ಲಿ ಎಂ ಸೈಜಿನದರ ಪಟ್ಟಿ ಸೀಳಿದಾಗ ಕೆಲಸಕ್ಕೆ ಬಂತು. ಏಳನೇ ತಿಂಗಳಿಗೆ ವೆಲ್ಕ್ರೋ ಸತ್ತಿತು. ಕಂಪನಿಯ ನಂಬರಿಗೆ ಫೋನ್ ಮಾಡಿದರೆ ಬಿಲ್ಲಿನ ಫೋಟೋ ಕಳಿಸಿ ಅಂದರು, ಕಳಿಸಿದೆ, ಅಷ್ಟೇ. ಆಲ್ದೂರಿನ ಟೈಲರ್ ನಲವತ್ತು ರೂಪಾಯಿಗೆ ಹೊಸ ವೆಲ್ಕ್ರೋ ಹೊಲಿದು ಕೊಟ್ಟರು. ಆ ಹೊಲಿಗೆ ಕಂಪನಿಯ ಹೊಲಿಗೆಗಿಂತ ಗಟ್ಟಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಆರು ವಾರಕ್ಕೆ ನೋವು ಮುಕ್ಕಾಲು ಭಾಗ ಹೋಯಿತು. ಸರಿ, ವಾಸಿಯಾಯಿತು ಅಂತ ಬೆಲ್ಟು ಕಟ್ಟಿಕೊಂಡು ಓಡಾಡುತ್ತಲೇ ಇದ್ದೆ. ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಬೆಲ್ಟಿಲ್ಲದೆ ಅಂಗಳಕ್ಕೆ ಇಳಿದೆ. ಸಮತಟ್ಟು ನೆಲ, ಒಂದು ಕಲ್ಲೂ ಇರಲಿಲ್ಲ. ಪಾದ ತಾನಾಗಿ ಹೊರಳಿತು. ಬೀಳಲಿಲ್ಲ, ಆದರೆ ಎದೆ ಧಸಕ್ ಅಂದಿತು. ಫಿಸಿಯೋಥೆರಪಿಗೆ ಹೋದಾಗ ಅಲ್ಲಿನ ಹುಡುಗಿ ಬಿಡಿಸಿ ಹೇಳಿದಳು. ಆ ನಾರಿನೊಳಗೆ ಪಾದ ಯಾವ ಕೋನದಲ್ಲಿದೆ ಅಂತ ಮಿದುಳಿಗೆ ಸುದ್ದಿ ಮುಟ್ಟಿಸುವ ನರಗಳಿರುತ್ತವೆ. ನಾರು ಹರಿದಾಗ ಆ ಸುದ್ದಿ ತಡವಾಗುತ್ತದೆ. ಒಂದು ಸಲ ಉಳುಕಿದ ಕಾಲು ಮತ್ತೆ ಮತ್ತೆ ಉಳುಕಲು ಇದೂ ಒಂದು ಕಾರಣ. "ಬೆಲ್ಟ್ ನಿಮ್ಮ ಕಾಲನ್ನ ಹಿಡ್ಕೊಳುತ್ತೆ ಆಂಟಿ, ಕಲಿಸಲ್ಲ" ಅಂದಳು.

ಅವಳು ಕೊಟ್ಟ ಕೆಲಸ ಮೂರು. ರಬ್ಬರ್ ಬ್ಯಾಂಡನ್ನು ಮಂಚದ ಕಾಲಿಗೆ ಕಟ್ಟಿ ಪಾದದಿಂದ ಹೊರಗೆ ಎಳೆಯುವುದು. ಎರಡು ಕೈ ಗೋಡೆಗೆ ಕೊಟ್ಟು ಹಿಮ್ಮಡಿ ಎತ್ತಿ ಇಳಿಸುವುದು. ಆಮೇಲೆ ಗಾಳಿಯಲ್ಲಿ ಹೆಬ್ಬೆರಳಿನಿಂದ ಎಬಿಸಿಡಿ ಬರೆಯುವುದು. ನಾನು ಅಆಇಈ ಬರೆದೆ. ನಲವತ್ತೊಂಬತ್ತು ಅಕ್ಷರ, ಸುತ್ತುಗಳು ಜಾಸ್ತಿ, ಗಂಟಿಗೆ ಒಳ್ಳೆ ಕೆಲಸ. 'ರ' ಮೊದಲ ದಿನವೇ ಬಂತು. 'ಝ' ಬರೆಯಲು ಹೊರಟರೆ ನಡುವೆಯೇ ಚುರುಕ್ ಅನ್ನುತ್ತಿತ್ತು. ದೀಪಾವಳಿ ಹೊತ್ತಿಗೆ ಝ ಕೂಡ ಬಂತು, ಆದರೆ ಋ ಇವತ್ತಿಗೂ ಸೊಟ್ಟ. ಅದು ಕೈಯಲ್ಲೂ ಸೊಟ್ಟವೇ ಬಿಡಿ.

ಇದಾದ ಮೇಲೆ ಒಂಟಿ ಕಾಲಲ್ಲಿ ನಿಲ್ಲುವುದು ಸೇರಿಸಿದಳು. ಅದಕ್ಕೆ ಗಡಿಯಾರ ಯಾಕೆ? ಅಕ್ಕಿ ರೊಟ್ಟಿಯ ಒಂದು ಮಗ್ಗುಲು ಬೇಯುವ ತನಕ ಒಲೆ ಮುಂದೆ ಬಲಗಾಲಲ್ಲಿ ನಿಲ್ಲುವುದು ಅಂತ ಮಾಡಿಕೊಂಡೆ. ಮೊದಲು ಕಾವಲಿಗೆ ಹಾಕುವಷ್ಟರಲ್ಲೇ ಕಾಲು ನಡುಗಿ ಕೆಳಗಿಡುತ್ತಿದ್ದೆ, ಕಟ್ಟೆ ಹಿಡಿಯದೆ ಆಗುತ್ತಿರಲಿಲ್ಲ. ಅರೇಬಿಕಾ ಕೊಯ್ಲು ಮುಗಿಯುವಾಗ ಎರಡೂ ಮಗ್ಗುಲು ಬೆಂದವು, ಕಾಲು ಇಳಿಸಲಿಲ್ಲ. ಇದನ್ನೆಲ್ಲ ಬೆಲ್ಟು ಬಿಚ್ಚಿಯೇ ಮಾಡಬೇಕು.

ಹಾಗಂತ ಬೆಲ್ಟು ದಂಡವಲ್ಲ. ಕೊಯ್ಲಿನ ಎರಡು ತಿಂಗಳು ಇಳಿಜಾರಿನಲ್ಲಿ ಚೀಲ ಲೆಕ್ಕ ಹಾಕುತ್ತ ತಿರುಗಿದ್ದು ಇದರ ಧೈರ್ಯದಲ್ಲೇ. ಫೆಬ್ರವರಿಯಲ್ಲಿ ನೆಂಟರು ಬಂದರು ಅಂತ ಮುಳ್ಳಯ್ಯನಗಿರಿಗೂ ಹೋದೆ. 1,930 ಮೀಟರ್ ಎತ್ತರ ಅಂದರೂ ಹೆಚ್ಚಿನ ದಾರಿ ಗಾಡಿಯಲ್ಲೇ, ಕೊನೆಗೆ ಮಾತ್ರ ಮೆಟ್ಟಿಲು. ಹತ್ತುವಾಗ ಏನೂ ಅನ್ನಿಸಲಿಲ್ಲ. ಇಳಿಯುವಾಗ ಒಂದೊಂದು ಮೆಟ್ಟಿಲಿಗೂ ಪಾದ ಮುಂದಕ್ಕೆ ಬಾಗಿ ಮೈಭಾರವೆಲ್ಲ ಗಂಟಿನ ಮೇಲೆ. ಅರ್ಧ ದಾರಿಯಲ್ಲಿ ಕೂತು ಲೇಸು ಬಿಚ್ಚಿ ಮತ್ತೆ ಬಿಗಿದೆ. ಗಾಳಿ ಹೇಗೆ ಹೊಡೆಯುತ್ತಿತ್ತು ಅಂದರೆ ಲೇಸಿನ ತುದಿ ಕೈಗೇ ಸಿಗುತ್ತಿರಲಿಲ್ಲ. ಆ ದಿನ ಇದಿಲ್ಲದಿದ್ದರೆ ಯಾರಾದರೂ ಹೊತ್ತು ತರಬೇಕಿತ್ತು.

ಸ್ಟಾರ್ ಕೇಳಿದರೆ ಕಾಲು ಹಿಡಿಯುವ ಕೆಲಸಕ್ಕೆ ಐದಕ್ಕೆ ನಾಲ್ಕೂವರೆ, ಮಲೆನಾಡಿನ ಮಳೆಗೆ ಎರಡು. ಬೀಳುವುದಕ್ಕೆ ಮೊದಲು ಅರಾಮಾಗಿದ್ದು, ಕಚೇರಿಯಲ್ಲಿ ಕೂತು ಮಾಡುವ ಕೆಲಸವಾದರೆ ಇಷ್ಟು ದುಡ್ಡಿನದು ಬೇಕೇ ಅಂತ ನಿಮ್ಮ ಡಾಕ್ಟರನ್ನು ಕೇಳಿ. ತೋಟ, ಗದ್ದೆ, ಬಸ್ಸಿನಲ್ಲಿ ನಿಲ್ಲುವ ಕೆಲಸವಾದರೆ ಕೊಳ್ಳಿ. ರಾತ್ರಿ ಮಲಗುವಾಗ ನಾನು ಬಿಚ್ಚುತ್ತಿದ್ದೆ. ಬೆರಳು ಜುಮ್ಮೆಂದರೆ ಅಥವಾ ನೀಲಿಯಾದರೆ ಬಿಗಿ ಜಾಸ್ತಿ ಅಂತ ಅರ್ಥ, ತಕ್ಷಣ ಸಡಿಲ ಮಾಡಿ.

ಈಗ ಮನೆಯಲ್ಲಿ ಕಟ್ಟುವುದಿಲ್ಲ. ಛತ್ರಿಯ ಪಕ್ಕದ ಮೊಳೆಗೆ ನೇತಾಡುತ್ತಿರುತ್ತದೆ, ಇಳಿಜಾರಿಗೆ ಹೋಗುವ ದಿನ ಮಾತ್ರ ಇಳಿಯುತ್ತದೆ. ಇನ್ನೇನು ಮೃಗಶಿರ ಮಳೆ ಶುರುವಾಗುತ್ತದೆ. ಎಂ ಸೈಜಿನದು ಇನ್ನೊಂದು ತರಿಸಿದ್ದೇನೆ, ಒಂದು ಒಣಗುವಾಗ ಇನ್ನೊಂದಕ್ಕೆ. ಆ ಮೂರನೇ ಕಲ್ಲಿಗೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸುವುದು ಈ ಭಾನುವಾರ ಅಂತ ನಮ್ಮನೆಯವರು ಹೇಳಿದ್ದಾರೆ. ಹೋದ ಜುಲೈಯಿಂದ ಪ್ರತಿ ಭಾನುವಾರವೂ ಹೇಳಿದ್ದಾರೆ.